ಮುರುಡೇಶ್ವರಕ್ಕೆ ಹೋಗಿ ಬರುವ ದಾರಿ

ಮಂಡ್ಯ
ಭಾನುವಾರ, ೩೦ ನವೆಂಬರ್ ೨೦೨೫

ಪುಷ್ಪಕ್ಕ,

ಈ ಕಾಗದದಲ್ಲಿ ಬಸ್ಸು, ರೈಲು, ಆಟೋ ಇಷ್ಟನ್ನೇ ಬರೆದು ಮುಗಿಸಿಬಿಡೋಣ ಅಂದುಕೊಂಡಿದ್ದೆ. ನೀವು ಕೇಳಿದ್ದೂ ಅಷ್ಟೇ. ಆದರೆ ನೀವು ಹೋಗುವ ದಾರಿಯನ್ನು ಮಾತ್ರ ಕೇಳಿದಿರಿ, ಬರುವ ದಾರಿಯನ್ನು ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬಂತು ಎಂಬ ಮಾತನ್ನು ಬರೆಯದೇ ಬಿಡುವವಳಿದ್ದೆ. ಬರೆದರೆ ನಿಮ್ಮ ಮೇಲೆ ಅನುಮಾನಪಟ್ಟಂತಾಗುತ್ತದೆ. ಬರೆಯದೇ ಹೋದರೆ ಏನಾಗುತ್ತದೆ ಎಂದು ಯೋಚಿಸುವ ಧೈರ್ಯ ನನಗಿಲ್ಲ. ಅದಕ್ಕೇ ಮೊದಲಿಗೇ ಬರೆದುಬಿಟ್ಟೆ. ಇನ್ನು ಉಳಿದದ್ದನ್ನು ಬರೆಯುವುದು ಸ್ವಲ್ಪ ಸುಲಭವಾದೀತು.

ಕಳೆದ ಭಾನುವಾರ ಜಗುಲಿಯ ಮೇಲೆ ಅತ್ತೆ, ಇವರು, ಊರಿನ ನಾಲ್ಕು ಜನ ಹಿರಿಯರು ಕೂತು ಭಾವನ ವರ್ಷದ ಕಾರ್ಯದ ಮಾತಾಡುತ್ತಿದ್ದರು. ದೇಹ ಸಿಕ್ಕಿಲ್ಲ, ಹಾಗಂತ ಎಷ್ಟು ದಿನ ಬಿಡುವುದು, ಒಂದು ಬೊಂಬೆ ಮಾಡಿ ಮಣ್ಣು ಮಾಡಿ ಎಡೆ ಇಟ್ಟುಬಿಡೋಣ ಎಂದು ಇವರು ಅಂದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. ಹೂಂ ಎಂದೋ ಊಹೂಂ ಎಂದೋ ನನಗೆ ತಿಳಿಯಲಿಲ್ಲ. ನೀವು ಅಲ್ಲಿರಲಿಲ್ಲ. ರೇಷ್ಮೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಿರಿ. ಕೈಜೋಡಿಸೋಣವೆಂದು ನಾನು ಒಳಗೆ ಬಂದರೆ ನೀವು ತಲೆ ಎತ್ತದೆ, ಕಡ್ಡಿಸೊಪ್ಪನ್ನು ತಟ್ಟೆಯ ಮೇಲೆ ಹರಡುತ್ತಲೇ ಹೇಳಿದಿರಿ: "ವೀಣ, ಆ ಊರ್ಗೆ ಎಂಗೋಗದು ಅಂತ ಒಂದ್ ಕಾಗ್ದದಲ್ಲಿ ಬರ್ದು ಕಳ್ಸು. ಬಾಯಲ್ಲಿ ಯೋಳ್ಬ್ಯಾಡ ಕಣವ್ವ, ತಲೇಲಿ ನಿಲ್ಲಲ್ಲ."

ಯಾವ ಊರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹತ್ತು ತಿಂಗಳಿಂದ ಆ ಊರಿನ ಹೆಸರನ್ನು ಯಾರೂ ಎತ್ತಿಲ್ಲ. ಭಾವ ಕಡಲಿಗಿಳಿದು ಬರಲಿಲ್ಲ ಎಂಬ ಸುದ್ದಿ ಬಂದ ಫೋನನ್ನು ನೀವು ಆವತ್ತೇ ಆಫ್ ಮಾಡಿ ಟ್ರಂಕಿಗೆ ಹಾಕಿದವರು ಇವತ್ತಿಗೂ ತೆಗೆದಿಲ್ಲ. ಹಾಗಾಗಿ ನನಗೂ ಈ ಕಾಗದ ಬಿಟ್ಟು ಬೇರೆ ದಾರಿಯಿಲ್ಲ.

ಮೊದಲು ನೀವು ಕೇಳಿದ್ದು.

ಹಲಗೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ. ಸರ್ಕಾರಿ ಬಸ್ಸೇ ನೋಡಿ. ಆಧಾರ್ ಕಾರ್ಡು ತೋರಿಸಿದರೆ ನಿಮಗೆ ದುಡ್ಡಿಲ್ಲ. ಕಾರ್ಡು ಹೇಗೂ ರೈಲಿಗೂ ಬೇಕು, ರೂಮಿಗೂ ಬೇಕು, ಮಗಳು ಅರ್ಪಿತಳ ಕಾಲೇಜಿನ ಫೈಲಿನಲ್ಲಿದ್ದರೆ ಈಗಲೇ ತೆಗೆದಿಟ್ಟುಕೊಳ್ಳಿ. ಮಳವಳ್ಳಿಯಿಂದ ಮದ್ದೂರಿಗೂ ಬಸ್ಸಿದೆ, ಮಂಡ್ಯಕ್ಕೂ ಇದೆ. ಮದ್ದೂರಿನ ಕಡೆಗೆ ಹೋಗಬೇಡಿ. ಮಂಡ್ಯಕ್ಕೇ ಬನ್ನಿ. ರೈಲು ಹತ್ತಲು ಮಂಡ್ಯ ವಾಸಿ ಎಂದು ಬರೆಯುವವಳಿದ್ದೆ. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣ ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ ಅನ್ನುವುದು.

ರೈಲು ಬೆಂಗಳೂರಿಂದ ಬರುತ್ತದೆ, ರಾತ್ರಿ ಮಂಡ್ಯದಲ್ಲಿ ಹತ್ತಬೇಕು. ಹೊರಡುವ ದಿನ ಗಾಡಿ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಬೇಕು, ಅದನ್ನು ನಾನು ನೋಡುತ್ತೇನೆ. ಕೆಳಗಿನ ಬರ್ತ್ ಕೇಳಬೇಕು, ಅದನ್ನೂ ನಾನು ಮಾಡುತ್ತೇನೆ. ಮೈಸೂರು ದಾಟಿದ ಮೇಲೆ ಮಲಗಬಹುದು. ಬೆಳಗಾಗುವ ಹೊತ್ತಿಗೆ ಘಟ್ಟ ಇಳಿದಿರುತ್ತದೆ. ಮಂಗಳೂರಿನಲ್ಲಿ ಬಹಳ ಹೊತ್ತು ನಿಂತಂತೆ ಕಾಣುತ್ತದೆ, ಅರ್ಧ ಬೋಗಿ ಖಾಲಿಯಾಗುತ್ತದೆ, ಗಾಬರಿಯಿಂದ ನೀವೂ ಇಳಿಯಬೇಡಿ. ಕೊನೆಯ ನಿಲ್ದಾಣವೇ ಮುರುಡೇಶ್ವರ. ತಪ್ಪಿ ಮುಂದೆ ಹೋಗುವ ಭಯವಿಲ್ಲ. ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಸ್ಟೇಷನ್ನಿನ ಹೊರಗೇ ಆಟೋ ನಿಂತಿರುತ್ತವೆ. ದೇವಸ್ಥಾನ ಅಂದರೆ ಸಾಕು, ಬೀಚು ಅನ್ನಬೇಕಾಗಿಲ್ಲ, ಎರಡೂ ಒಂದೇ ಕಡೆ. ದೇವಸ್ಥಾನದ ಮೂರು ದಿಕ್ಕಿಗೂ ಕಡಲು.

ಒಬ್ಬಳೇ ಹೆಂಗಸು ರೂಮು ಕೇಳಿದರೆ ಹತ್ತು ಪ್ರಶ್ನೆ ಹಾಕುತ್ತಾರೆ. ಜೊತೆಗೆ ಯಾರು, ಯಾಕೆ ಬಂದಿರಿ, ಎಷ್ಟು ದಿನ, ಊರಿನಲ್ಲಿ ಯಾರ ನಂಬರ್ ಕೊಡುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರನ್ನೂ ಕೇಳುತ್ತಾರೆ. ನನ್ನನ್ನೂ ಕೇಳಿದರು.

ಹೌದು ಅಕ್ಕ. ನಾನು ಹೋಗಿದ್ದೆ. ದಸರಾ ರಜೆಯಲ್ಲಿ, ಮೈಸೂರಿನಲ್ಲಿ ಶಾಲೆಯ ತರಬೇತಿ ಇದೆ ಎಂದು ಇವರಿಗೆ ಹೇಳಿ ಹೋಗಿದ್ದೆ. ಇವರಿಗೆ ಇನ್ನೂ ಗೊತ್ತಿಲ್ಲ. ಯಾಕೆ ಹೋದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಮ್ಮ ದುಃಖಕ್ಕಾಗಿ ಹೋದೆ ಎಂದರೆ ದೊಡ್ಡ ಮಾತಾಗುತ್ತದೆ. ಊರಿನವರ ಮಾತು ಕೇಳಿ ಕೇಳಿ ನನಗೂ ಒಳಗೊಳಗೇ ಒಂದು ಸಂಶಯ ಹುಟ್ಟಿತ್ತು, ಅದನ್ನು ತೀರಿಸಿಕೊಳ್ಳಲು ಹೋದೆ. ನಿಜ ಅದೇ.

ಆ ಮಾತು ನಿಮ್ಮ ಕಿವಿಗೂ ಬಿದ್ದಿದೆ, ನನಗೆ ಗೊತ್ತು. ಮುತ್ತತ್ತಿಯ ಹೊಳೆಯಲ್ಲಿ ಯಾರೇ ಮುಳುಗಲಿ, ಪೊಲೀಸರಿಗಿಂತ ಮೊದಲು ನಮ್ಮ ಭಾವನಿಗೆ, ಊರಿನ ಬಾಯಲ್ಲಿ ನಾಗೇಶನಿಗೆ, ಕರೆ ಹೋಗುತ್ತಿತ್ತು. ಹೊಳೆಯ ತಳದಿಂದ ಮಂದಿಯನ್ನು ಎತ್ತಿ ತಂದವನು ಸೊಂಟದುದ್ದದ ನೀರಿನಲ್ಲಿ ಹೇಗೆ ಹೋದಾನು? ಜೊತೆಗಾರರನ್ನು ಬಿಟ್ಟು ಒಬ್ಬನೇ ದೂರ ಹೋಗಿ ಇಳಿದನಂತೆ. ಕೈಕಾಲು ಬಡಿಯಲಿಲ್ಲವಂತೆ. ಕೂಗಲಿಲ್ಲವಂತೆ. ಇಷ್ಟನ್ನು ಒಂದರ ಪಕ್ಕ ಒಂದು ಇಟ್ಟು ಊರು ಎರಡು ಕಥೆ ಕಟ್ಟಿತು. ಬೇಕೆಂದೇ ಹೋದ ಅನ್ನುವುದು ಒಂದು. ಆಚೆ ಎಲ್ಲೋ ದಡ ಹತ್ತಿ ಬೇರೆ ಕಡೆ ಬದುಕಿದ್ದಾನೆ ಅನ್ನುವುದು ಇನ್ನೊಂದು. ಅತ್ತೆ ಎರಡನೆಯದನ್ನು ಹಿಡಿದುಕೊಂಡಿದ್ದಾರೆ. ನೀವು ಹಗಲು ಎರಡನೆಯದನ್ನೂ ರಾತ್ರಿ ಮೊದಲನೆಯದನ್ನೂ ಹಿಡಿದುಕೊಂಡು ಒದ್ದಾಡುತ್ತಿದ್ದೀರಿ.

ಯಾಕೆಂದರೆ ನೀವು ನನಗೊಬ್ಬಳಿಗೇ ಹೇಳಿದ ಮಾತೊಂದಿದೆ. ಭಾವ ಟೂರಿಗೆ ಹೊರಟ ದಿನ ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಸೊಪ್ಪಿಗೆ ಬಾಯಿ ತೆರೆದಿದ್ದವು. ಮನೆಯಲ್ಲಿ ಅಷ್ಟು ಕೆಲಸ ಬಿಟ್ಟು ಟೆಂಪೋ ಹತ್ತುತ್ತಾರಲ್ಲ ಎಂಬ ಸಿಟ್ಟಿಗೆ ನೀವು "ಓಗು, ಅಲ್ಲೇ ಇರು, ಬರ್ಬ್ಯಾಡ" ಅಂದಿರಿ. ಹನ್ನೊಂದನೇ ದಿನ ನನ್ನ ಮಡಿಲಲ್ಲಿ ತಲೆಯಿಟ್ಟು, "ಬರ್ಬ್ಯಾಡ ಅಂದೆ ಕಣೆ, ಬರ್ನೇ ಇಲ್ಲ" ಅಂದಿರಿ. ಆಮೇಲೆ ನೀವು ಅತ್ತಿದ್ದನ್ನು ನಾನು ನೋಡಿಲ್ಲ.

ಈಗ ನಾನು ಅಲ್ಲಿ ನೋಡಿದ್ದನ್ನು ಬರೆಯುತ್ತೇನೆ. ನಿಧಾನವಾಗಿ ಓದಿ.

ದೇವಸ್ಥಾನದ ಮುಂದೆ ಎತ್ತರದ ಗೋಪುರವಿದೆ. ಚಪ್ಪಲಿ ಕೆಳಗೆ ಬಿಟ್ಟು, ಟಿಕೆಟ್ ತಗೊಂಡು, ಸಾಲಿನಲ್ಲಿ ನಿಂತರೆ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ಅದಕ್ಕೆ ಮೊದಲು ಒಂದು ಇಡೀ ಮಧ್ಯಾಹ್ನ ನಾನು ಮರಳಿನ ಮೇಲೆ ಕೂತಿದ್ದೆ. ಅಲ್ಲಿಂದ ಕಡಲು ನನಗೆ ಬರೀ ಸದ್ದಾಗಿ ಕಂಡಿತು. ಮೇಲೆ ಹೋಗಿ ಕಿಟಕಿಯಿಂದ ನೋಡಿದಾಗ ಅದು ಬೇರೆಯೇ ಆಗಿತ್ತು. ಅಲೆಗಳು ಒಡೆದ ಕಡೆಯೆಲ್ಲ ದಡದುದ್ದಕ್ಕೂ ಬಿಳಿ ನೊರೆಯ ಪಟ್ಟಿ. ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲ. ಅಲೆ ಏಳುತ್ತಿರಲಿಲ್ಲ, ಒಡೆಯುತ್ತಿರಲಿಲ್ಲ. ಕಪ್ಪಗೆ, ನಯವಾಗಿ, ಯಾರೋ ಬಾಚಿಟ್ಟಂತೆ ನೀರು. ದಡದಿಂದ ಹೊರಟು ನೊರೆಯ ಸಾಲನ್ನು ಸೀಳಿಕೊಂಡು ಒಳಗಿನ ಕಡಲಿನವರೆಗೂ ಹೋಗಿದ್ದ ರಸ್ತೆಯಂತೆ ಕಾಣುತ್ತಿತ್ತು. ಯಾರೋ ಒಗೆದಿದ್ದ ತೆಂಗಿನ ಗರಿಯೊಂದು ಅದರ ಮೇಲೆ ಸದ್ದಿಲ್ಲದೆ ಹೊರಗೆ ಹೊರಗೆ ಹೋಗುತ್ತಿತ್ತು.

ಹಿಂದಿನವರು ಸರಿಯಿರಿ ಎಂದರೂ ನಾನು ಕಿಟಕಿ ಬಿಟ್ಟು ಸರಿಯಲಿಲ್ಲ ಅಕ್ಕ. ಯಾಕೆಂದರೆ ಅಂಥ ಜಾಗವನ್ನೇ ಆರಿಸಿಕೊಳ್ಳಲು ನನಗೂ ಒಬ್ಬರು ಕಲಿಸಿದ್ದರು.

ನಾನು ಮದುವೆಯಾಗಿ ಬಂದ ವರ್ಷ ಎಲ್ಲರೂ ಮುತ್ತತ್ತಿಗೆ ಹೋಗಿದ್ದೆವಲ್ಲ, ನೆನಪಿದೆಯೇ? ನಾನು ಹನಕೆರೆಯವಳು, ರೈಲಿನ ಸದ್ದಿನಲ್ಲಿ ಬೆಳೆದವಳು, ಮಂಡ್ಯದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ನೀರಿನ ವಿಚಾರ ಏನೂ ತಿಳಿಯದು. ದಡದಲ್ಲಿ ಸೀರೆ ಎತ್ತಿ ಹಿಡಿದುಕೊಂಡು ನೊರೆಯ ಕಡೆ ಹೋಗುತ್ತಿದ್ದವಳನ್ನು ಭಾವ ತಡೆದರು. "ನೀರು ಬೆಳ್ಳಗದೆ ಅಂದ್ರೆ ಕೆಳ್ಗೆ ಬಂಡೆ ಅದೆ ಕಣವ್ವ. ಕಪ್ಪಗೆ ತಣ್ಣಗೆ ಇರೋ ಕಡೆ ಇಳಿ" ಅಂದರು. ನೀವು ಹಿಂದಿನಿಂದ, ಇಂಗ್ಲಿಷಲ್ಲಿ ಯೋಳು, ಆಗ ತಿಳೀತದೆ ಅವ್ಳಿಗೆ ಎಂದು ನಕ್ಕಿರಿ. ಭಾವ ಇನ್ನೊಂದು ಮಾತನ್ನೂ ಹೇಳಿದ್ದರು. ನೀರು ಎಳೆದುಕೊಂಡು ಹೋದರೆ ಅದಕ್ಕೆ ಎದುರು ಬೀಳಬೇಡ, ಕೈಕಾಲು ಬಡಿದು ದಣಿಯಬೇಡ, ಅದರ ಜೊತೆಗೇ ಹೋಗು, ಮುಂದೆ ಹೊಳೆ ತಿರುಗುವ ಕಡೆ ದಡ ತಾನಾಗಿ ಸಿಗುತ್ತದೆ. ನಮ್ಮೂರಿನ ಎಳೆ ಮಕ್ಕಳಿಗೂ ಗೊತ್ತಿರುವ ಪಾಠ ಇದು. ಅರ್ಪಿತಳಿಗೆ ಗೊತ್ತು. ನಿಮಗೆ ಗೊತ್ತು.

ಹೊಳೆಯಲ್ಲಿ ಅದು ಸರಿ. ಕಡಲಿನಲ್ಲಿ ಅದೇ ತಲೆಕೆಳಗು. ದಡಕ್ಕೆ ಬಂದ ಅಷ್ಟೂ ಅಲೆಯ ನೀರು ವಾಪಸ್ಸು ಹೋಗುವ ಕಾಲುವೆಯೇ ಆ ನಯವಾದ ಜಾಗ. ಅಲ್ಲಿ ನೊರೆಯಿಲ್ಲದಿರುವುದು ನೀರು ಹೊರಕ್ಕೆ ಓಡುತ್ತಿರುವುದರಿಂದ. ಅದರ ಜೊತೆಗೆ ಹೋದರೆ ಮುಂದೆ ತಿರುವಿಲ್ಲ. ಮುಂದೆ ದಡವಿಲ್ಲ. ಕೆಳಗೆ ಬಂದ ಮೇಲೆ ಮರಳಿನಲ್ಲಿ ನೆಟ್ಟಿದ್ದ ಎಚ್ಚರಿಕೆಯ ಫಲಕವನ್ನು ಓದಿದೆ. ಅದೇ ವಿಷಯ, ಚಿತ್ರ ಸಮೇತ. ಮಧ್ಯಾಹ್ನವೆಲ್ಲ ಅದಕ್ಕೆ ಬೆನ್ನು ಮಾಡಿಕೊಂಡು ಕೂತಿದ್ದೆ.

ಇದು ನನ್ನ ಊಹೆ ಮಾತ್ರ ಆಗಬಹುದು ಎಂದು ನನಗೇ ಅನ್ನಿಸಿತು. ಗೋಪುರದ ಮೇಲಿಂದ ಒಂದು ದಿನ ಕಂಡದ್ದನ್ನು ಎಂಟು ತಿಂಗಳ ಹಿಂದಿನ ಸಾವಿಗೆ ಅಂಟಿಸುವುದು ಎಷ್ಟು ಸರಿ? ಅದಕ್ಕೇ ದೀಪಾವಳಿಗೆ ಊರಿಗೆ ಬಂದಾಗ ಭಾವನ ಜೊತೆ ಟೂರಿಗೆ ಹೋಗಿದ್ದ ಶಿವಣ್ಣನನ್ನು ಆಲೆಮನೆಯ ಹತ್ತಿರ ಹಿಡಿದೆ. ಅವನು ಈಗ ನಿಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾನೆ, ನೀವೂ ನೋಡಿರುತ್ತೀರಿ. ಭಾವ ಎಲ್ಲಿ ಇಳಿದರು, ಹೇಗಿತ್ತು ಆ ಜಾಗ ಎಂದು ಕೇಳಿದೆ. ಮೊದಲು ಏನೇನೋ ಹೇಳಿ ಜಾರಿಕೊಳ್ಳಲು ನೋಡಿದ. ನಾನು ಹೋಗಿ ನೋಡಿ ಬಂದಿದ್ದೇನೆ ಎಂದ ಮೇಲೆ ಕಬ್ಬಿನ ಸಿಪ್ಪೆಯ ಗುಡ್ಡೆಯ ಮೇಲೆ ಕೂತುಬಿಟ್ಟ.

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ನನ್ನದೇನೂ ಸೇರದಿರಲಿ: "ನಾವು ಈಜ್ ಬರ್ದೋರು ಕಣಕ್ಕ, ನೊರೇಲಿ ಕುಣೀತಿದ್ದೊ. ನಾಗೇಶ್ನೇ, ಅಲ್ಲಿ ಬಂಡೆ ಇರ್ತದೆ ಕಣ್ರಲಾ, ಮಂಡಿ ಒಡ್ಕೋತೀರಿ, ಇತ್ತಾಗೆ ತಣ್ಣಗದೆ, ಮೊದ್ಲು ನಾನ್ ನೋಡ್ತೀನಿ, ಆಮೇಲೆ ಕರೀತೀನಿ ಅಂತ ಓದ. ಸೊಂಟುದ್ ಗಂಟ ಓದ. ಆಮೇಲೆ ಮಲಿಕ್ಕಂಡಂಗೆ ಓಯ್ತಾನೇ ಇದ್ದ. ನಾವು ಏನೋ ಆಟ ಆಡ್ತಾವ್ನೆ ಅಂತ ನಗ್ತಿದ್ದೊ. ಒಂದ್ಸಲ ಕೈ ಎತ್ತುದ. ಬನ್ನಿ ಅಂತವ್ನೋ ಬ್ಯಾಡ ಅಂತವ್ನೋ ಗೊತ್ತಾಗ್ನಿಲ್ಲ. ನಿಂತ್ಕಂಡೇ ಇದ್ದೊ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಮ್ಗೋಸ್ಕರ ನೀರ್ ನೋಡಕ್ಕೆ ಓದ ಅಂತ ಯೋಳುದ್ರೆ ಪುಷ್ಪಕ್ಕನ ಮೊಕ ಎಂಗ್ ನೋಡ್ಲಿ? ಅದ್ಕೆ ಅವ್ನೇ ಒಬ್ನೇ ಓದ ಅಂದ್ಬುಟ್ಟೆ" ಅಂದ. ಆ ಒಂದು ಮಾತಿನಿಂದ ಊರು ಕಟ್ಟಿದ ಕಥೆ ಏನೆಂಬುದು ಅವನಿಗೂ ಗೊತ್ತು. ಹೊರಡುವಾಗ ಇನ್ನೊಂದು ಹೇಳಿದ, ಅದನ್ನು ನಗುತ್ತಲೇ ಹೇಳಲು ಶುರು ಮಾಡಿ ಅಳುತ್ತ ಮುಗಿಸಿದ. ಅವತ್ತು ಸಂಜೆ ಎಲ್ಲರೂ ಕೊಲ್ಲೂರಿಗೆ ಹೋಗಬೇಕೆಂದಿದ್ದರಂತೆ. ಭಾವನೇ ಬೇಡವೆಂದರಂತೆ. ಹುಳ ಹಣ್ಣಾಗುವ ಹೊತ್ತಿಗೆ ನಾನು ಮನೆಯಲ್ಲಿರಬೇಕು, ಪುಷ್ಪ ಒಬ್ಬಳೇ ಅಷ್ಟೂ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲಾರಳು, ಮೊದಲೇ ಸಿಟ್ಟಾಗಿದ್ದಾಳೆ ಎಂದು ದಾರಿಯುದ್ದಕ್ಕೂ ಕಾಟ ಕೊಟ್ಟರಂತೆ. "ನಿಮ್ ಭಾವನ ಹುಳದ ಕಾಟಕ್ಕೆ ದೇವಿ ದರ್ಶನಾನೂ ಆಗ್ನಿಲ್ಲ ನಮ್ಗೆ" ಅಂದ. ಸ್ನಾನ ಮುಗಿಸಿ ಊಟ ಮಾಡಿ ನೇರ ಊರಿಗೆ ಟೆಂಪೋ ತಿರುಗಿಸುವುದೆಂದು ಮಾತಾಗಿತ್ತು.

ಅಕ್ಕ, ಅವರು ಬೇಕೆಂದು ಹೋಗಲಿಲ್ಲ. ನಿಮ್ಮ ಮಾತು ಅವರಿಗೆ ಮಾತೇ ಆಗಿರಲಿಲ್ಲ. ಗಂಡ ಹೆಂಡಿರ ಮಧ್ಯೆ ದಿನಾ ಹಾರುವ ಮಾತಿನಲ್ಲಿ ಅದೂ ಒಂದು. ಹೊಳೆ ಕಲಿಸಿದ್ದನ್ನು ನಂಬಿ ಅವರು ಎಲ್ಲಕ್ಕಿಂತ ಸುರಕ್ಷಿತ ಅನ್ನಿಸಿದ ಜಾಗಕ್ಕೆ ಇಳಿದರು. ಕೈಕಾಲು ಬಡಿಯದಿದ್ದದ್ದು ಸಾಯಲು ಅಲ್ಲ, ಮುಂದೆ ದಡ ಸಿಗುತ್ತದೆಂದು ಕಾಯುತ್ತಿದ್ದರು. ಕೈ ಎತ್ತಿದ್ದು ಬನ್ನಿ ಎಂದಲ್ಲ. ಕರೆಯುತ್ತೇನೆ ಎಂದು ಹೇಳಿ ಹೋದವರು ಕೊನೆಗೂ ಯಾರನ್ನೂ ಕರೆಯಲಿಲ್ಲ. ಉಳಿದವರೆಲ್ಲ ಬದುಕಿ ಬಂದಿದ್ದಾರೆ.

ಇದನ್ನು ತಿಳಿದು ಒಂದು ತಿಂಗಳಾಯಿತು. ಎರಡು ಸಲ ಊರಿಗೆ ಬಂದೆ, ನಿಮ್ಮ ಎದುರು ಕೂತೆ, ಕಾಫಿ ಕುಡಿದು ಎದ್ದು ಬಂದೆ. ಯಾಕೆಂದರೆ ಇದನ್ನು ಹೇಳಿದರೆ ನಿಮ್ಮಿಂದ ಒಂದು ಮುಳ್ಳನ್ನು ಕೀಳುತ್ತೇನೆ, ಅದೇ ಕೈಯಲ್ಲಿ ಒಂದು ಆಸೆಯನ್ನೂ ಕಿತ್ತುಕೊಳ್ಳುತ್ತೇನೆ. ಅವರು ಎಲ್ಲೋ ದಡ ಹತ್ತಿರಬಹುದು ಎಂಬ ಆಸೆಗೆ ಇದರಲ್ಲಿ ಜಾಗವಿಲ್ಲ. ಅತ್ತೆ ದಿನಾ ಸಂಜೆ ಬಾಗಿಲ ಚಿಲಕ ಹಾಕದೆ ಬಿಡುತ್ತಾರಲ್ಲ, ಅದಕ್ಕೂ ಜಾಗವಿಲ್ಲ. ಇಂಥದ್ದನ್ನು ನಿರ್ಧರಿಸಲು ನಾನು ಯಾರು ಎಂದು ಕೇಳಿಕೊಂಡು ಸುಮ್ಮನಿದ್ದೆ. ಸುಮ್ಮನಿರುವುದೂ ಒಂದು ನಿರ್ಧಾರವೇ ಎಂಬುದು ನೀವು ಹುಳದ ಮನೆಯಲ್ಲಿ ಆ ದಾರಿ ಕೇಳಿದ ದಿನ ಅರ್ಥವಾಯಿತು.

ಅವತ್ತು ನಾನು ಹೊರಗೆ ಬರುವಾಗ ಚಾಕಿ ಹುಳ ಸಾಕಿ ಕೊಡುವ ಹೊನ್ನಯ್ಯ ಗೇಟಿನ ಹತ್ತಿರ ನಿಂತಿದ್ದ. ಮುಂದಿನ ಬೆಳೆಗೆ ಮರಿಹುಳ ಬೇಡವೆಂದು ಅಕ್ಕ ಹೇಳಿಬಿಟ್ಟರು, ಯಾಕಂತೆ ಎಂದು ನನ್ನನ್ನು ಕೇಳಿದ. ನಾನು ಈ ಮನೆಗೆ ಬಂದಾಗಿನಿಂದ ನೋಡಿದ್ದೇನೆ. ಒಂದು ಬೆಳೆ ಗೂಡು ಕಟ್ಟುವ ಮೊದಲೇ ನೀವು ಮುಂದಿನ ಬೆಳೆಗೆ ಮರಿ ಹೇಳಿರುತ್ತೀರಿ. ಅತ್ತೆಗೆ ಆಪರೇಷನ್ ಆದಾಗಲೂ ಬಿಟ್ಟಿರಲಿಲ್ಲ. ಭಾವ ಹೋದ ಆ ತಿಂಗಳಲ್ಲೂ, ಕಣ್ಣು ಒರೆಸಿಕೊಂಡು, ಮರಿ ತಂದು ಹಾಕು ಹೊನ್ನಯ್ಯ ಅಂದವರು ನೀವು. ತೋಟದಲ್ಲಿ ಸೊಪ್ಪು ಎದೆಯೆತ್ತರ ನಿಂತಿದೆ. ಅದನ್ನು ಯಾರು ತಿನ್ನಬೇಕು ಎಂದು ನೀವು ಯೋಚಿಸಿಲ್ಲ. ಅಂದರೆ ಮುಂದಿನ ಬೆಳೆಯ ಹೊತ್ತಿಗೆ ನೀವು ಇರುತ್ತೀರಿ ಎಂದೇ ಯೋಚಿಸಿಲ್ಲ.

ನಾನು ತಪ್ಪಿರಬಹುದು. ದಯವಿಟ್ಟು ನಾನು ತಪ್ಪಿರಲಿ. ಬರೀ ಒಂದು ಹಿಡಿ ಹೂವು, ಒಂದು ತೆಂಗಿನಕಾಯಿ ಬಿಟ್ಟು ಬರೋಣ ಎಂದು ನೀವು ಹೊರಟಿದ್ದರೆ ಈ ಕಾಗದವನ್ನು ಒಲೆಗೆ ಹಾಕಿ, ನನ್ನನ್ನು ಬೈಯಿರಿ. ಆದರೆ ಹಾಗಿದ್ದರೂ ನನ್ನ ಭಯ ಹೋಗುವುದಿಲ್ಲ. ಹೂವು ಬಿಡಲು ನೀವು ನೀರಿಗೆ ಇಳಿಯುತ್ತೀರಿ. ಇಳಿಯುವ ಮೊದಲು ನೋಡುತ್ತೀರಿ. ಎಲ್ಲಿ ನೊರೆಯಿಲ್ಲವೋ, ಎಲ್ಲಿ ತಣ್ಣಗೆ ಕಾಣುತ್ತದೋ ಅಲ್ಲಿಗೆ ನಿಮ್ಮ ಕಾಲು ತಾನಾಗಿ ಹೋಗುತ್ತದೆ. ಬೇಕೆಂದು ಹೋದರೂ ಬೇಡವೆಂದು ಹೋದರೂ ಕಡಲು ಒಂದೇ ಕಡೆಗೆ ಒಯ್ಯುತ್ತದೆ.

ಆದ್ದರಿಂದ ಇದನ್ನು ನೆನಪಿಡಿ. ಶಾಲೆಯಲ್ಲಿ ಪ್ರವಾಸದ ಸುತ್ತೋಲೆ ಬರೆಯುವವಳು ನಾನೇ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಬರೆದು ಬರೆದು ಕೈ ಒಗ್ಗಿದೆ. ಆದರೆ ಈ ಸಾಲುಗಳನ್ನು ಎರಡೆರಡು ಸಲ ಓದಿ ನೋಡಿ ಬರೆಯುತ್ತಿದ್ದೇನೆ. ಬಾವುಟ ನೆಟ್ಟಿದ್ದಾರೆಯೇ ನೋಡಿ, ಕಾವಲಿನವರನ್ನು ಕೇಳಿ, ಅವರು ಸೀಟಿ ಹೊಡೆದರೆ ಆಚೆ ಬನ್ನಿ. ನೊರೆ ಇರುವ ಕಡೆಯೇ ನಿಲ್ಲಿ. ಬೆಳ್ಳಗೆ ಒಡೆಯುವ ಅಲೆ ನಿಮ್ಮನ್ನು ದಡಕ್ಕೇ ದೂಡುತ್ತದೆ. ಪಾದ ಮುಳುಗುವಷ್ಟು ಸಾಕು, ಮಂಡಿ ಮುಳುಗಬಾರದು. ಕಪ್ಪಗೆ ಸುಮ್ಮನಿರುವ ನೀರಿನ ಹತ್ತಿರ ಹೋಗಲೇಬೇಡಿ. ಎಳೆದರೆ ಅದರ ಜೊತೆ ಮುಂದೆ ಹೋಗಬೇಡಿ, ಅದಕ್ಕೆ ಎದುರೂ ಬೀಳಬೇಡಿ. ತೇಲುತ್ತ, ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯುತ್ತ, ನೊರೆ ಸಿಗುವವರೆಗೂ ಕೂಗುತ್ತ ಹೋಗಿ. ಭಾವ ಹೇಳಿಕೊಟ್ಟ ಎರಡೂ ಪಾಠವನ್ನು ಅಲ್ಲಿ ಮರೆಯಬೇಕು. ಇಪ್ಪತ್ತು ವರ್ಷ ಸಂಸಾರ ಮಾಡಿದವರ ಮಾತನ್ನು ಮರೆಯಿರಿ ಎಂದು ಹೇಳುತ್ತಿದ್ದೇನೆ, ಎಂಥ ಮಾತು.

ನಾನು ಒಂದೇ ಟಿಕೆಟ್ ಬುಕ್ ಮಾಡುವುದಿಲ್ಲ. ಹೋಗಲು ಎರಡು, ಬರಲು ಎರಡು ಮಾಡುತ್ತೇನೆ. ನಿಮ್ಮ ಪಕ್ಕ ಕೂರಬೇಡ ಅಂದರೆ ಬೇರೆ ಬೋಗಿಯಲ್ಲಿ ಕೂರುತ್ತೇನೆ. ಮಾತಾಡಬೇಡ ಅಂದರೆ ಮಾತಾಡುವುದಿಲ್ಲ. ಲಾಡ್ಜಿನಲ್ಲಿ ಜೊತೆಗೆ ಯಾರು ಎಂದು ಕೇಳಿದರೆ ಹೇಳಲು ಒಬ್ಬಳು ಇರುತ್ತಾಳೆ, ಅಷ್ಟೇ. ಒಮ್ಮೆ ಆ ಗೋಪುರ ಹತ್ತೋಣ. ಮೇಲಿಂದ ನಿಮ್ಮ ಕಣ್ಣಾರೆ ನೋಡಿ. ನೋಡಿದ ಮೇಲೂ ಅವರು ನಿಮ್ಮ ಮಾತಿಗೆ ಹೋದರು ಅನ್ನಿಸಿದರೆ ಆಗ ನನಗೆ ಹೇಳಿ. ಬೊಂಬೆ ಮಾಡಬೇಕೋ ಬೇಡವೋ, ತಾಳಿ ತೆಗೆಯಬೇಕೋ ಬೇಡವೋ, ಅದನ್ನು ನೀವೇ ಹೇಳಬೇಕು, ಜಗುಲಿಯವರಲ್ಲ. ಇವರ ಜೊತೆ ಆ ಜಗಳ ನಾನು ಆಡುತ್ತೇನೆ. ಹೇಗೂ ಮೈಸೂರಿನ ತರಬೇತಿಯ ಸುಳ್ಳಿಗೆ ಒಂದು ಜಗಳ ಬಾಕಿಯಿದೆ.

ಅರ್ಪಿತಳಿಗೆ ನಾನು ಏನೂ ಹೇಳಿಲ್ಲ. ಮೊನ್ನೆ ಕಾಲೇಜಿನಿಂದ ಫೋನ್ ಮಾಡಿ, ಅಮ್ಮ ಈಗೀಗ ಬೈಯುವುದನ್ನೇ ಬಿಟ್ಟಿದ್ದಾಳೆ ಚಿಕ್ಕಮ್ಮ, ಭಯ ಆಗುತ್ತೆ ಅಂದಳು. ಅವಳಿಗೆ ನಾನು ಯಾವ ದಾರಿ ಬರೆದುಕೊಡಲಿ?

ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಹೋಗಿ ಬರುತ್ತೇನೆ ಅನ್ನುತ್ತಾರೆ. ಅಷ್ಟು ಹೇಳಿ ಸಾಕು. ಬೇರೇನೂ ಕೇಳುವುದಿಲ್ಲ.

ನಿಮ್ಮನ್ನು ಕಳೆದುಕೊಳ್ಳಲಾರದ,
ವೀಣ

ಮರೆತಿದ್ದು: ನಿನ್ನೆ ಹೊನ್ನಯ್ಯನಿಗೆ ಫೋನ್ ಮಾಡಿ ನಿಮ್ಮ ಹೆಸರಿನಲ್ಲಿ ಚಾಕಿ ಹುಳ ಹೇಳಿದ್ದೇನೆ. ಎಂದಿನಷ್ಟೇ. ಅಕ್ಕ ಬೇಡ ಅಂದಿದ್ದರಲ್ಲ, ಸೊಪ್ಪು ಯಾರು ಹಾಕುತ್ತಾರೆ ಎಂದ. ಅಕ್ಕನೇ ಹಾಕುತ್ತಾರೆ ಅಂದೆ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು, ಆದರೆ ಇದಕ್ಕೆ ಕ್ಷಮೆ ಕೇಳುವುದಿಲ್ಲ. ನಾವು ಈ ಗೂಡು ಮಾರಿದ ಮೇಲೆ ಹೊರಟು, ಮರಿ ಬರುವಷ್ಟರಲ್ಲಿ ವಾಪಸ್ಸಾಗಬಹುದು. ಮರಿ ಮನೆಗೆ ಬಂದರೆ ಸೊಪ್ಪು ಹಾಕಲೇಬೇಕು, ಅವಕ್ಕೆ ನಮ್ಮ ಯಾವ ಕಾರಣವೂ ತಿಳಿಯುವುದಿಲ್ಲ. ನನಗೋ ಹುಳ ಮುಟ್ಟಲು ಇವತ್ತಿಗೂ ಮೈ ಜುಮ್ಮೆನ್ನುತ್ತದೆ, ನಿಮಗೆ ಗೊತ್ತೇ ಇದೆ.

ಇದು ನಾನು ಬರೆದ ನಾಲ್ಕನೇ ಕಾಗದ. ಮೊದಲಿನ ಮೂರರಲ್ಲಿ ಬಸ್ಸು ರೈಲು ಮಾತ್ರ ಇತ್ತು, ಹರಿದು ಹಾಕಿದೆ. ಇದೂ ನನ್ನ ಚೀಲದಲ್ಲೇ ಉಳಿದುಹೋಗಬಾರದೆಂದು ದಿನವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ, ತಪ್ಪಿದರೆ ಕೇಳಲು ನೀವು ಇರಬೇಕು: ನಾಳೆ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅಂಚೆಗೆ ಹಾಕುತ್ತೇನೆ, ಸೋಮವಾರ, ಡಿಸೆಂಬರ್ ಒಂದು.